ಏಕಾಂತದ ನೂಕುನುಗ್ಗಲು

ಫಿನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಾಸ್ಕಿನೆನ್ ಎಂಬುದೊಂದು ನಗರವಿದೆ. 1785ರಲ್ಲಿ ಸ್ವೀಡನ್ನಿನ ದೊರೆಯ ಅಪ್ಪಣೆಯಿಂದ ಹುಟ್ಟಿದ್ದು. ಅಳೆದು ಬಿಟ್ಟ ಬೀದಿಗಳು, ಮರದ ಮನೆಗಳು, ಬಂದರು, ಎಲ್ಲವೂ ಉಂಟು, ಇಲ್ಲದಿರುವುದು ಜನ. ನಗರದ ಅಷ್ಟೂ ತಲೆ ಎಣಿಸಿದರೆ 1,300 ದಾಟುವುದು ಕಷ್ಟ. ನಮ್ಮಲ್ಲಿ ಸ್ವಲ್ಪ ಕೈ ಬಿಚ್ಚುವವರ ಮನೆಯ ಮದುವೆಯಲ್ಲಿ ಮಧ್ಯಾಹ್ನದ ಊಟಕ್ಕೇ ಇಷ್ಟು ಎಲೆ ಬೀಳುತ್ತವೆ. ಆದರೂ ಅದು ನಗರವೇ, ಅದರಲ್ಲಿ ಎರಡು ಮಾತಿಲ್ಲ.

ಇತ್ತ ರಾಜಧಾನಿ ಹೆಲ್ಸಿಂಕಿಯಿಂದ ಉತ್ತರಕ್ಕೆ 30 ಕಿಲೋಮೀಟರ್ ಹೋದರೆ ಕ್ಲೌಕ್ಕಲ ಸಿಗುತ್ತದೆ. 20,000ಕ್ಕೆ ತುಸುವೇ ಕಡಿಮೆ ಜನ. ಸೂಪರ್ ಮಾರ್ಕೆಟ್ಟುಗಳಿವೆ, ಶಾಲೆಗಳಿವೆ, 2004ರಲ್ಲಿ ಎದ್ದ, ನೋಡಿದವರು ಒಮ್ಮೆ ನಿಂತು ನೋಡುವಂಥ ಹೊಸ ಧಾಟಿಯ ಚರ್ಚಿದೆ, ಸಂಜೆ ಐದಕ್ಕೆ ತಪ್ಪದೆ ಕಾರುಗಳ ಸಾಲಿದೆ. ಇದು ಹಳ್ಳಿ. ಕ್ಲೌಕ್ಕಲ ಸೇರಿರುವುದು ನುರ್ಮಿಯಾರ್ವಿ ಎಂಬ ಪಂಚಾಯಿತಿಗೆ. ಪಂಚಾಯಿತಿ ಎಂದು ಅನುಕೂಲಕ್ಕೆ ಹೇಳಿದೆ. ಶಾಲೆ, ಶಿಶುವಿಹಾರ, ನೀರು, ಗ್ರಂಥಾಲಯ, ಬೀದಿ ಎಲ್ಲವನ್ನೂ ನೋಡಿಕೊಂಡು, ಜನರ ಆದಾಯ ತೆರಿಗೆಯಲ್ಲಿ ತನ್ನ ಪಾಲಿನ ದರವನ್ನು ತಾನೇ ಗೊತ್ತು ಮಾಡುವ ಪಂಚಾಯಿತಿ ಅದು. ಅದರ ಒಟ್ಟು ಜನಸಂಖ್ಯೆ ಸುಮಾರು 44,000. ಫಿನ್‌ಲೆಂಡಿನಲ್ಲಿ ತನ್ನನ್ನು ನಗರ ಎಂದು ಕರೆದುಕೊಳ್ಳದೆ ಉಳಿದ ಪಂಚಾಯಿತಿಗಳಲ್ಲೆಲ್ಲ ಇದೇ ದೊಡ್ಡದು.

ಅಲ್ಲಿಯ ಕಾನೂನು ಈ ವಿಷಯದಲ್ಲಿ ಬಹಳ ಉದಾರಿ. ನಾವು ನಗರ ಎಂದು ಪಂಚಾಯಿತಿಯವರು ನಿರ್ಣಯ ಮಾಡಿಕೊಂಡರೆ ಮುಗಿಯಿತು. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಹೀಗಿದ್ದೂ ನುರ್ಮಿಯಾರ್ವಿಯವರು ಆ ಬಿರುದಿಗೆ ಕೈ ಚಾಚಿಲ್ಲ. ಮಗಳು, ಅಳಿಯ ಕ್ಲೌಕ್ಕಲದ ಅಂಚಿನಲ್ಲಿ ಮನೆ ಮಾಡಿದ ಮೇಲೆ ಅಲ್ಲಿಗೆ ಆಗಾಗ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ನನಗೆ ಇದರ ಕಾರಣ ಮೊದಮೊದಲು ಹೊಳೆಯಲಿಲ್ಲ. ವಿನಯವಿರಬಹುದೆಂದುಕೊಂಡಿದ್ದೆ. ಈಗ ಅನಿಸುತ್ತದೆ, ಅದು ಶುದ್ಧ ವ್ಯವಹಾರ. ಅಲ್ಲಿಗೆ ಬಂದವರೆಲ್ಲ ಹಳ್ಳಿಯಲ್ಲಿರಬೇಕೆಂದು ಬಂದವರು. ಒಂದು ದಿನ ಬೆಳಗ್ಗೆ ಎದ್ದಾಗ ತಾವು ನಗರದಲ್ಲಿದ್ದೇವೆ ಎಂದು ಗೊತ್ತಾದರೆ, ಪಾಪ, ಅವರು ಇನ್ನೊಂದು ಹಳ್ಳಿ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಇನ್ನೊಂದು ದಿಕ್ಕಿನಲ್ಲಿ ನಗರವೇ ಹಳ್ಳಿಯನ್ನು ಹುಡುಕಿಕೊಂಡು ಬಂದ ಕಥೆಯೂ ಉಂಟು. ಹೆಲ್ಸಿಂಕಿಯ ಪೂರ್ವಕ್ಕಿರುವ ಸಿಪೋ ಪಂಚಾಯಿತಿ ತನ್ನ ಪಾಡಿಗೆ ತಾನು ಹೊಲ, ಕಾಡು, ಕಡಲಂಚು ನೋಡಿಕೊಂಡು ಇತ್ತು. ಹೆಲ್ಸಿಂಕಿಗೆ ಬೆಳೆಯಲು ಜಾಗ ಸಾಲದಾಯಿತು. 2007ರಲ್ಲಿ ಸರ್ಕಾರ ಸಿಪೋದ ನೈಋತ್ಯ ಭಾಗವನ್ನು ಕತ್ತರಿಸಿ ಹೆಲ್ಸಿಂಕಿಗೆ ಕೊಡಲು ತೀರ್ಮಾನಿಸಿತು. ಸಿಪೋದವರು ಕೂಗಾಡಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಏನೂ ನಡೆಯಲಿಲ್ಲ. 2009ರ ಜನವರಿ 1ರಂದು ಅಲ್ಲಿಯ ಒಂದಷ್ಟು ಜನ ಮಲಗಿದ ಹಾಸಿಗೆಯಿಂದ ಕದಲದೆ ರಾಜಧಾನಿಯ ಪ್ರಜೆಗಳಾದರು. ಸುತ್ತಲಿನ ಪಂಚಾಯಿತಿಯವರು ಹೆಲ್ಸಿಂಕಿಯನ್ನು ಇಂದಿಗೂ ಓರೆಗಣ್ಣಿನಲ್ಲಿ ನೋಡಿದರೆ ತಪ್ಪೆನ್ನಲಾಗದು. ಸಂಬಳ ಅಲ್ಲಿಂದ ಬರಲಿ, ಗಡಿ ಮಾತ್ರ ಬರದಿರಲಿ ಎಂಬುದು ಅವರ ಪ್ರಾರ್ಥನೆ.

ನುರ್ಮಿಯಾರ್ವಿಯಲ್ಲಿ ದೊಡ್ಡ ಹಳ್ಳಿಗಳು ಮೂರು. ಕಚೇರಿ ಇರುವುದು ಕಿರ್ಕೊನ್‌ಕುಲದಲ್ಲಿ. ಹಳೆಯ ಚರ್ಚು ಅಲ್ಲಿದೆ, ಹಿರಿತನದ ಗಾಂಭೀರ್ಯವೂ ಅಲ್ಲಿದೆ. ಪಂಚಾಯಿತಿಗೆ ಹೆಸರು ಕೊಟ್ಟ ಕೆರೆಯೂ ಅಲ್ಲೇ ಇತ್ತು. ಗದ್ದೆಗೆ ಜಾಗ ಬೇಕೆಂದು ಹಿಂದಿನವರು ಅದರ ನೀರು ಬಸಿದುಬಿಟ್ಟರು. ಈಗ ಅಲ್ಲಿ ಓಟ್ಸು, ಬಾರ್ಲಿ ನಿಂತಿರುತ್ತವೆ. ಎರಡನೆಯದು ಉತ್ತರದ ರಾಯಮಾಕಿ. ಅಲ್ಲಿ 1888ರಷ್ಟು ಹಿಂದೆಯೇ ಶುರುವಾದ ಯೀಸ್ಟಿನ ಕಾರ್ಖಾನೆ ಮುಂದೆ ದೇಶದ ಸಾರಾಯಿ ಸಾಮ್ರಾಜ್ಯವಾಯಿತು. ಹೆಸರಾಂತ ಫಿನ್ನಿಷ್ ವೋಡ್ಕಾ ಬಾಟಲಿಗೆ ಇಳಿಯುವುದು ಅಲ್ಲೇ. 1939ರ ಚಳಿಗಾಲದಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಅದೇ ಕಾರ್ಖಾನೆ ಸಾರಾಯಿ ಬಿಟ್ಟು ಬೆಂಕಿ ಬಾಟಲಿ ತುಂಬತೊಡಗಿತು. ಲಕ್ಷಗಟ್ಟಲೆ ಬಾಟಲಿ ಅಲ್ಲಿಂದ ಗಡಿಗೆ ಹೋದವು. ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್‌ನ ಹೆಸರನ್ನು ಆ ಬಾಟಲಿಗೆ ಅಂಟಿಸಿದವರೂ ಫಿನ್ನರೇ. ಕಡಿಮೆ ಮಾತಿನ ಜನ ಹಾಸ್ಯ ಮಾಡಲು ಹೊರಟರೆ ಹೀಗಿರುತ್ತದೆ.

ಮೂರನೆಯದು ಕ್ಲೌಕ್ಕಲ. ಇದಕ್ಕೆ ಕಚೇರಿಯಿಲ್ಲ, ಕಾರ್ಖಾನೆಯ ಕೀರ್ತಿಯಿಲ್ಲ, ರೈಲಂತೂ ಇಲ್ಲವೇ ಇಲ್ಲ. ಫಿನ್‌ಲೆಂಡಿನ ಮೊದಲ ರೈಲು 1862ರಲ್ಲಿ ಹೆಲ್ಸಿಂಕಿಯಿಂದ ಹಾಮೆನ್‌ಲಿನ್ನಕ್ಕೆ ಓಡಿದಾಗ ಪೂರ್ವದ ಕೆರವ, ಯಾರ್ವೆನ್‌ಪಾ ಕಡೆಯಿಂದ ಸಾಗಿತು. ನಿಲ್ದಾಣ ಬಿದ್ದಲ್ಲೆಲ್ಲ ಊರು ಬೆಳೆಯಿತು. ಅವೀಗ ತಕರಾರಿಲ್ಲದೆ ನಗರಗಳು. ಕ್ಲೌಕ್ಕಲಕ್ಕೆ ರೈಲು ತರುವ ಮಾತು ಆಮೇಲೆ ಎಷ್ಟೋ ಸಲ ಎದ್ದು ಮಲಗಿದೆ. ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ, ಲೆಕ್ಕ ಹಾಕುತ್ತಾರೆ, ಮಡಿಸಿ ಒಳಗಿಡುತ್ತಾರೆ. ಹಾಗಾಗಿ ಕ್ಲೌಕ್ಕಲವನ್ನು ಹೆತ್ತದ್ದು ರೈಲಲ್ಲ, ಕಾರು. ಹೆಲ್ಸಿಂಕಿಯಿಂದ ತಾಂಪೆರೆಗೆ ಹೋಗುವ ಮೂರನೇ ನಂಬರಿನ ಹೆದ್ದಾರಿ ಪಕ್ಕದಲ್ಲೇ ಹಾದಿದೆ. ಒಬ್ಬೊಬ್ಬರಿಗೆ ಒಂದೊಂದು ಕಾರು, ಕಾರಿಗೊಂದು ಅಂಗಳ, ಅಂಗಳಕ್ಕೊಂದು ಮನೆ ಎಂಬ ಕ್ರಮದಲ್ಲಿ ಊರು ಬೆಳೆದಿದೆ.

ಆದರೆ ರಸ್ತೆ ಇದ್ದ ಮಾತ್ರಕ್ಕೆ ಜನ ಬರುವುದಿಲ್ಲ. ಬರುವುದಕ್ಕೊಂದು ಬಯಕೆ ಬೇಕು. ಆ ಬಯಕೆಯ ಬೇರು ಸಾಕಷ್ಟು ಹಿಂದಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಫಿನ್‌ಲೆಂಡ್ ತನ್ನ ಪೂರ್ವ ಗಡಿಯ ಕರೇಲಿಯ ಪ್ರಾಂತ್ಯದ ಬಹುಭಾಗವನ್ನು ಕಳೆದುಕೊಂಡಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಇತ್ತ ಬಂದರು. ಅವರಿಗೂ ಯುದ್ಧದಿಂದ ಮರಳಿದ ಸೈನಿಕರಿಗೂ ಭೂಮಿ ಹಂಚಲು 1945ರಲ್ಲಿ ಕಾನೂನು ಬಂತು. ಒಂದೇ ನಮೂನೆಯ ಪುಟ್ಟ ಮರದ ಮನೆಗಳು, ಕಡಿದಾದ ಮಾಡು, ನಡುವೆ ಹೊಗೆಗೂಡು, ಹಿತ್ತಲಲ್ಲಿ ಆಲೂಗಡ್ಡೆ ಸಾಲು, ದೇಶದ ತುಂಬ ಎದ್ದವು. ಜನ ತಾವೇ ಗರಗಸ ಹಿಡಿದು ಕಟ್ಟಿಕೊಂಡರು. ಸರಿಸುಮಾರು ಅದೇ ಹೊತ್ತಿಗೆ, 1946ರಲ್ಲಿ, ಹೈಕ್ಕಿ ಫಾನ್ ಹೆರ್ಟ್‌ಸೆನ್ ಎಂಬಾತ ಪುಸ್ತಕವೊಂದನ್ನು ಬರೆದು, ನಮ್ಮ ಮಕ್ಕಳಿಗೆ ಕೊಡಬೇಕಾದ್ದು ಮನೆಯೋ ಪಾಳೆಯದ ಬ್ಯಾರಕ್ಕೋ ಎಂದು ಕೇಳಿದ. ಕೇಳಿ ಸುಮ್ಮನಾಗದೆ ಮುಂದೆ ಹೆಲ್ಸಿಂಕಿಯ ಪಕ್ಕದ ಎಸ್ಪೋದಲ್ಲಿ ತಾಪಿಯೊಲ ಎಂಬ ತೋಟದ ನಗರವನ್ನು ಕಟ್ಟಿಸಿಯೂ ತೋರಿಸಿದ. 1960, 70ರ ದಶಕಗಳಲ್ಲಿ ಹಳ್ಳಿಗಾಡಿನಿಂದ ಜನ ದಕ್ಷಿಣದ ಪಟ್ಟಣಗಳಿಗೂ ಸ್ವೀಡನ್ನಿಗೂ ಹಿಂಡುಹಿಂಡಾಗಿ ಹೊರಟಾಗ ಅಷ್ಟು ಜನರಿಗೆ ತೋಟ ಒದಗಿಸಲು ಯಾರಿಂದಾದೀತು? ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟು ಗೋಡೆಗಳನ್ನು ಲಾರಿಯಲ್ಲಿ ತಂದು ನಿಲ್ಲಿಸಿ ಅಪಾರ್ಟ್‌ಮೆಂಟು ಕಟ್ಟಿದರು. ಬಿಸಿನೀರು ಬಂತು, ಲಿಫ್ಟು ಬಂತು, ಜನ ಒಳಗೆ ಹೋದರು. ಆದರೆ ಮನಸ್ಸು ಮಾತ್ರ ಅಜ್ಜಿಯ ಮನೆಯ ಅಂಗಳದಲ್ಲೇ ಉಳಿಯಿತು.

1990ರ ದಶಕದ ಆರಂಭದಲ್ಲಿ ಅಲ್ಲಿ ಆರ್ಥಿಕ ಕುಸಿತವಾಗಿ ಬಡ್ಡಿ ಗಗನಕ್ಕೇರಿತ್ತು, ಮನೆ ಕೊಂಡವರು ಕಂಗಾಲಾಗಿದ್ದರು. ದಶಕದ ಕೊನೆಗೆ ಯೂರೋ ಬಂತು, ಬಡ್ಡಿ ಇಳಿಯಿತು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಕೂತೇ ತಲೆ ನರೆಸಿಕೊಂಡ ನನಗೆ ಮುಂದೇನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಡ್ಡಿ ಇಳಿದಾಗ ಮನುಷ್ಯನಿಗೆ ತನ್ನ ಬಾಲ್ಯ ನೆನಪಾಗುತ್ತದೆ. ಬಡ್ಡಿ ಎರಡಂಕಿಯಲ್ಲಿರುವಾಗ ಹಳ್ಳಿ, ಹಕ್ಕಿ, ಹಿತ್ತಲು ಎಂದು ಹಂಬಲಿಸಿದವರನ್ನು ನಾನು ಕಂಡಿಲ್ಲ. ಎಸ್ಪೋದಲ್ಲಿ ಮೊಬೈಲ್ ಫೋನಿನ ಉದ್ಯಮ ಉಬ್ಬುತ್ತಿತ್ತು, ಸಂಬಳ ಏರುತ್ತಿತ್ತು. ಹೆಲ್ಸಿಂಕಿಯಲ್ಲಿ ಮೂರು ಕೋಣೆಯ ಅಪಾರ್ಟ್‌ಮೆಂಟಿನ ಬೆಲೆಗೆ ನುರ್ಮಿಯಾರ್ವಿಯಲ್ಲಿ ಅಂಗಳ, ಸೌನಾ, ಕಾರುಕೊಟ್ಟಿಗೆ ಸಮೇತ ಸ್ವಂತ ಮನೆ ಏಳುತ್ತಿತ್ತು. ಚಿಕ್ಕ ಮಕ್ಕಳಿರುವ ದಂಪತಿಗಳು ಸಾಲಾಗಿ ಹೊರಟರು.

2003ರಲ್ಲಿ ಮತ್ತಿ ವನ್ಹಾನೆನ್ ಪ್ರಧಾನಿಯಾದಾಗ ಈ ವಲಸೆಗೆ ಒಬ್ಬ ವಕ್ತಾರನೂ ಸಿಕ್ಕಿದ. ಆತ ರೈತಾಪಿ ಜನರ ಬೆನ್ನೆಲುಬಿದ್ದ ಸೆಂಟರ್ ಪಕ್ಷದವನು, ಸ್ವತಃ ನುರ್ಮಿಯಾರ್ವಿಯ ನಿವಾಸಿ. ಫಿನ್ನರಿಗೆ ಬೇಕಾದ್ದು ಅಂಗಳವಿರುವ ಮನೆ, ಕಿಷ್ಕಿಂಧೆಯ ಪಟ್ಟಣವಲ್ಲ ಎಂಬುದು ಆತನ ನಿಲುವು. ಪತ್ರಿಕೆಗಳಲ್ಲಿ ‘ನುರ್ಮಿಯಾರ್ವಿ ವಿದ್ಯಮಾನ’ ಎಂಬ ಮಾತು ಚಾಲ್ತಿಗೆ ಬಂತು. ನಗರ ಯೋಜಕರು ತಲೆ ಚಚ್ಚಿಕೊಂಡರು: ಹೀಗೆ ಊರು ಚೆಲ್ಲಾಪಿಲ್ಲಿಯಾದರೆ ಬಸ್ಸು ಓಡಿಸುವುದು ಹೇಗೆ, ಚರಂಡಿ ಎಳೆಯುವುದು ಹೇಗೆ, ಎಲ್ಲರೂ ಕಾರಿನಲ್ಲೇ ಓಡಾಡಿದರೆ ಹೊಗೆಯ ಗತಿಯೇನು? ಪ್ರಶ್ನೆಗಳೆಲ್ಲ ಸರಿಯಾಗಿದ್ದವು. ಆದರೆ ಆ ಯೋಜಕರಲ್ಲೂ ಎಷ್ಟು ಜನ ಸಂಜೆ ಅಂಗಳವಿರುವ ಮನೆಗೆ ಕಾರಿನಲ್ಲಿ ಮರಳುತ್ತಿದ್ದರೆಂದು ಯಾರೂ ಎಣಿಸಲು ಹೋದಂತಿಲ್ಲ.

ಇದರಲ್ಲಿ ಪಂಚಾಯಿತಿಯ ಜಾಣತನವೂ ಇದೆ. ಅಲ್ಲಿ ಸ್ಥಳೀಯ ಆದಾಯ ತೆರಿಗೆ ಸೇರುವುದು ನೀವು ದುಡಿಯುವ ಊರಿಗಲ್ಲ, ಮಲಗುವ ಊರಿಗೆ. ಹೆಲ್ಸಿಂಕಿಯಲ್ಲಿ ಇಡೀ ದಿನ ದುಡಿದು, ಅಲ್ಲಿಯ ರಸ್ತೆ ಸವೆಸಿ, ರಾತ್ರಿ ನುರ್ಮಿಯಾರ್ವಿಯಲ್ಲಿ ಗೊರಕೆ ಹೊಡೆದರೆ ತೆರಿಗೆ ಗೊರಕೆಯ ಲೆಕ್ಕಕ್ಕೆ. ಹಾಗಾಗಿ ಸುತ್ತಲಿನ ಪಂಚಾಯಿತಿಗಳೆಲ್ಲ ಸೈಟು ಮಾಡಿ, ಕಾಡು, ಕೆರೆ, ನಗುವ ಮಕ್ಕಳ ಚಿತ್ರ ಹಾಕಿ ಜಾಹೀರಾತು ಕೊಡುತ್ತವೆ. ಮೇಲ್ನೋಟಕ್ಕೆ ಲಾಭದ ಬಾಬತ್ತು. ಆದರೆ ಬರುವ ದಂಪತಿ ಬರಿಗೈಯಲ್ಲಿ ಬರುವುದಿಲ್ಲ, ಎರಡು ಮೂರು ಮಕ್ಕಳನ್ನು ಕರೆದುಕೊಂಡೇ ಬರುತ್ತಾರೆ. ಶಿಶುವಿಹಾರದಲ್ಲಿ ಜಾಗ ಕೊಡುವುದು ಪಂಚಾಯಿತಿಯ ಕರ್ತವ್ಯ. ಶಾಲೆಯಲ್ಲಿ ಬಿಸಿಯೂಟ ಕೊಡಬೇಕು. ಅದು 1948ರಿಂದ ನಡೆದುಬಂದ ಪದ್ಧತಿ. ಮನೆಯಿಂದ ಶಾಲೆ 5 ಕಿಲೋಮೀಟರಿಗಿಂತ ದೂರವಿದ್ದರೆ ಮಗುವನ್ನು ಪುಕ್ಕಟೆ ಕರೆದೊಯ್ಯಬೇಕು. ನಮ್ಮ ಮನೆಯ ಮುಂದೆ ಬೆಳಗಾದರೆ ಟ್ಯಾಕ್ಸಿ ಬಂದು ನಿಲ್ಲುತ್ತದೆ; ಎದುರು ಮನೆಯ ಏಳು ವರ್ಷದ ಹುಡುಗ ಬೆನ್ನಿಗೆ ಚೀಲ ಹಾಕಿಕೊಂಡು, ಹಿರಿಯ ಅಧಿಕಾರಿಯ ಠೀವಿಯಲ್ಲಿ, ಹಿಂದಿನ ಸೀಟಿನಲ್ಲಿ ಕೂತು ಒಂದನೇ ತರಗತಿಗೆ ಹೊರಡುತ್ತಾನೆ. ಅವನ ಅಪ್ಪ ಅಷ್ಟರಲ್ಲಿ ತನ್ನ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿರುತ್ತಾನೆ.

ಮಗಳ ಮನೆ ಇರುವುದು ಟಾರು ಮುಗಿದು ಜಲ್ಲಿ ಶುರುವಾಗುವ ಕಡೆ. ಮನೆ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದದ್ದು. ಗೋಡೆ, ಕಿಟಕಿ, ಮಾಡು ಎಲ್ಲ ನಂಬರು ಹಚ್ಚಿ ಕಳಿಸುತ್ತಾರೆ. ತಳಪಾಯ ಹಾಕಿ, ಒಣಗಿಸಿ, ಕಾದು ಕೂತರೆ ಗೋಡೆ ನಿಲ್ಲುವುದು ಕೆಲವೇ ದಿನಗಳ ಕೆಲಸ. ಮಾಡು ಏರಿದ ದಿನ ಕೆಲಸದವರಿಗೂ ನೆರೆಯವರಿಗೂ ಬಟಾಣಿ ಸಾರು ಬಡಿಸುವುದು ವಾಡಿಕೆ. ನನ್ನಾಕೆ ಅದಕ್ಕೆ ಇಂಗಿನ ಒಗ್ಗರಣೆ ಬೀಳಲೇಬೇಕೆಂದು ಹಟ ಹಿಡಿದಿದ್ದಳು; ಅಳಿಯ ಎರಡು ಪಾತ್ರೆ ಮಾಡಿ ರಾಜಿ ಮಾಡಿಸಿದ. ಒಗ್ಗರಣೆ ಹಾಕಿದ್ದು ಮೊದಲು ಖಾಲಿಯಾಯಿತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಅದರಲ್ಲಿ ಅರ್ಧ ನಾನೇ ಕುಡಿದಿದ್ದೆ ಎಂಬುದನ್ನು ಹೇಳುವುದಿಲ್ಲ.

ಈ ಮನೆಗೇಕೆ ಬಂದಿರಿ ಎಂದು ಆ ರಸ್ತೆಯ ಯಾರನ್ನೇ ಕೇಳಿ, ಒಂದೇ ಉತ್ತರ: ಕಾಡಿನ ಪಕ್ಕ, ಜನರಿಂದ ದೂರ, ಯಾರ ತಂಟೆಯೂ ಇಲ್ಲ. ಒಬ್ಬೊಬ್ಬರೂ ಸೈಟು ನೋಡಲು ಬಂದಾಗ ಅದೇ ಊರಿನ ಕೊನೆಯ ಮನೆಯಾಗಿತ್ತು. ಆಚೆ ಬರೀ ಪೈನು, ಸ್ಪ್ರೂಸು, ಬ್ಲೂಬೆರಿ ಗಿಡ. ಸರಿ, ಇಲ್ಲೇ ನೆಮ್ಮದಿ ಎಂದು ಸಹಿ ಹಾಕಿದರು. ಮೂರು ವರ್ಷ ಕಳೆಯುವುದರೊಳಗೆ ಆಚೆಯ ಕಾಡಿನಲ್ಲಿ ಕಿತ್ತಳೆ ಬಣ್ಣದ ಗೂಟಗಳು ಕಾಣಿಸಿಕೊಂಡವು. ಅಲ್ಲಿಗೂ ಯಾರೋ ಏಕಾಂತ ಹುಡುಕಿಕೊಂಡು ಬಂದಿದ್ದರು. ಈಗ ಎದುರು ಮನೆಯಾತ ಹೊಸಬರನ್ನು ಕಂಡು ಗೊಣಗುತ್ತಾನೆ, ಅವನು ಬಂದಾಗ ಪಕ್ಕದ ಮನೆಯಾತ ಗೊಣಗಿದ್ದ, ಪಕ್ಕದ ಮನೆಯಾತ ಬಂದಾಗ ಹಳೆಯ ರೈತ ಗೊಣಗಿದ್ದ. ಆ ರೈತನ ಗೊಣಗಾಟದಲ್ಲಿ ಮಾತ್ರ ಅಷ್ಟು ಬಲವಿರಲಿಲ್ಲ, ಏಕೆಂದರೆ ಸೈಟು ಮಾರಿದವನು ಅವನೇ. ಜನವಸತಿ ಎಂದರೇನು ಎಂಬುದಕ್ಕೆ ಅಲ್ಲಿಯ ಸರ್ಕಾರಿ ಲೆಕ್ಕ ಹೀಗಿದೆ: ಕನಿಷ್ಠ 200 ಜನ ಇರಬೇಕು, ಮನೆಯಿಂದ ಮನೆಗೆ ಸಾಮಾನ್ಯವಾಗಿ 200 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. 201 ಮೀಟರ್ ದೂರ ಉಳಿಯಬೇಕೆಂದು ಹೊರಟವರೆಲ್ಲ ಸೇರಿಯೇ ಆ ಲೆಕ್ಕವನ್ನು ತುಂಬಿದ್ದಾರೆ.

ಏಕಾಂತಕ್ಕೆ ಒಂದು ಸಲಕರಣೆ ಪಟ್ಟಿಯೂ ಇರುವುದನ್ನು ಗಮನಿಸಿದ್ದೇನೆ. ಪ್ರತಿ ಅಂಗಳದಲ್ಲೂ ಬಲೆ ಕಟ್ಟಿದ ದುಂಡನೆಯ ಟ್ರಾಂಪೊಲೀನು, ತನ್ನಷ್ಟಕ್ಕೆ ಹುಲ್ಲು ಮೇಯುವ ರೋಬಾಟು, ಗ್ರಿಲ್ಲು, ಸೌನಾಕ್ಕೆ ಒಟ್ಟಿದ ಬರ್ಚ್ ಸೌದೆ, ಗಡಿಗೆ ತೂಯಾ ಬೇಲಿ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಹಾಕಿದ ಬೇಲಿ ಆಳೆತ್ತರ ಬೆಳೆಯಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಶರತ್ಕಾಲದ ಬಿರುಗಾಳಿ ಬರುತ್ತದೆ, ಟ್ರಾಂಪೊಲೀನು ಹಾರುತ್ತದೆ. ಅದಕ್ಕೆ ಬೇಲಿಯೂ ಗೊತ್ತಿಲ್ಲ, ಸರ್ವೆ ನಂಬರೂ ಗೊತ್ತಿಲ್ಲ. ಪ್ರತಿ ವರ್ಷ ಆ ಹೊತ್ತಿಗೆ ಅದನ್ನು ಕಟ್ಟಿಹಾಕಿ ಎಂದು ವಿಮಾ ಕಂಪನಿಗಳು ಗೋಗರೆಯುತ್ತವೆ. ಮಗಳ ಮನೆಯ ಟ್ರಾಂಪೊಲೀನು ಒಂದು ರಾತ್ರಿ ಎರಡು ಅಂಗಳ ದಾಟಿ ಮೂರನೆಯವರ ಸೇಬಿನ ಮರದ ಮೇಲೆ ಕೂತಿತ್ತು. ಬೆಳಗ್ಗೆ ಅದನ್ನಿಳಿಸಲು ಆರು ಜನ ಬೇಕಾಯಿತು. ಆವರೆಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದವರು ಅಂದು ಮೊದಲ ಸಲ ಪರಸ್ಪರ ಹೆಸರು ಕೇಳಿಕೊಂಡರು. ನನ್ನಾಕೆ ಸೇಬಿನ ಮರದ ಮನೆಯವರಿಗೆ ಡಬ್ಬಿಯಲ್ಲಿ ಚಕ್ಕುಲಿ ಕಳಿಸಿದಳು. ವಾರ ಬಿಟ್ಟು ಡಬ್ಬಿ ಬ್ಲೂಬೆರಿ ತುಂಬಿಕೊಂಡು ಮರಳಿತು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂಬುದು ಅವರಿಗೂ ಗೊತ್ತಿದೆಯಲ್ಲ ಎಂದು ಅವಳಿಗೆ ಪರಮಾಶ್ಚರ್ಯ. ಆ ಡಬ್ಬಿ ಆಮೇಲೆ ಒಂದು ಕಡೆ ನಿಂತಿಲ್ಲ.

ಕೆಲಸಕ್ಕೆ ಹೋಗಿಬರುವವರ ದಿನಚರಿ ಇನ್ನೂ ಸ್ವಾರಸ್ಯ. ಡಿಸೆಂಬರಿನ ಕೊನೆಗೆ ಅಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಸೂರ್ಯ ಒಂಬತ್ತೂವರೆಯ ಸುಮಾರಿಗೆ ಮುಖ ತೋರಿಸಿ ಮೂರೂಕಾಲಿಗೆ ಮನೆ ಸೇರುತ್ತಾನೆ. ಹಳ್ಳಿಯವರು ಕತ್ತಲಲ್ಲಿ ಎದ್ದು, ರಾತ್ರಿಯಿಡೀ ಟೈಮರು ಹಚ್ಚಿ ಕರೆಂಟಿಗೆ ಸಿಕ್ಕಿಸಿಟ್ಟ ಕಾರಿನ ವೈರು ಕಿತ್ತು, ಬೆಚ್ಚಗಾದ ಎಂಜಿನ್ನು ಚಾಲೂ ಮಾಡಿ, ಕತ್ತಲಲ್ಲೇ ಹೆಲ್ಸಿಂಕಿಗೋ ವಂತಾಕ್ಕೋ ಹೊರಡುತ್ತಾರೆ. ಮೂರನೇ ವರ್ತುಲ ರಸ್ತೆಯ ಹತ್ತಿರ ಸಾಲು ನಿಲ್ಲುತ್ತಾರೆ. ಸಂಜೆ ಕತ್ತಲಲ್ಲಿ ಮರಳುತ್ತಾರೆ. ಯಾವ ಅಂಗಳಕ್ಕಾಗಿ 25 ವರ್ಷದ ಸಾಲ ಮಾಡಿದರೋ ಅದನ್ನು ಬೆಳಕಿನಲ್ಲಿ ನೋಡುವುದು ಶನಿವಾರ, ಭಾನುವಾರ ಮಾತ್ರ. ವಾರದ ಉಳಿದ ದಿನ ಆ ಕಾಡು, ಆ ಮೌನ, ಆ ಹಿಮ ಎಲ್ಲವನ್ನೂ ಒಂದು ಪೈಸೆ ಬಡ್ಡಿ ಕಟ್ಟದೆ ಅನುಭವಿಸುವವನು ನಾನು. ಕಿಟಕಿಯ ಬಳಿ ಕೂತು ಕಾಫಿ ಹೀರುವಾಗ ಎಷ್ಟೋ ಸಲ ಅಳಿಯನ ಕಂತಿನ ನೆನಪಾಗಿ ಅವನ ಪರವಾಗಿ ಇನ್ನೊಂದಿಷ್ಟು ಹೊತ್ತು ಹೆಚ್ಚಾಗಿ ನೋಡಿದ್ದೇನೆ.

ಜನರ ತಂಟೆ ಬೇಡವೆಂದು ಕಾಡಿಗೆ ಹೋಗುವ ಚಟ ಈ ನೆಲಕ್ಕೆ ಹೊಸದಲ್ಲ. ಕ್ಲೌಕ್ಕಲದಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಪಾಲೊಯೊಕಿ ಎಂಬ ಹಳ್ಳಿ, ಅದೂ ನುರ್ಮಿಯಾರ್ವಿಯದೇ. ಫಿನ್ನಿಷ್ ಭಾಷೆಯ ಮೊದಲ ದೊಡ್ಡ ಕಾದಂಬರಿಕಾರ ಅಲೆಕ್ಸಿಸ್ ಕಿವಿ 1834ರಲ್ಲಿ ಹುಟ್ಟಿದ್ದು ಅಲ್ಲಿ, ಹಳ್ಳಿಯ ದರ್ಜಿಯೊಬ್ಬನ ಮಗನಾಗಿ. ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ; ಹತ್ತಿರದ ಗುಡ್ಡದ ಬಯಲು ರಂಗದಲ್ಲಿ ಬೇಸಗೆಯಲ್ಲಿ ನಾಟಕವಾಡುತ್ತಾರೆ. ಅವನ ಹುಟ್ಟುಹಬ್ಬವಾದ ಅಕ್ಟೋಬರ್ 10ರಂದು ದೇಶದ ತುಂಬ ಬಾವುಟ ಏರುತ್ತದೆ. ಬದುಕಿದ್ದಾಗ ಈ ಗೌರವದಲ್ಲಿ ಹತ್ತರಲ್ಲೊಂದು ಪಾಲು ಸಿಕ್ಕಿದ್ದರೂ ಸಾಕಿತ್ತು. 1870ರಲ್ಲಿ ಬಂದ ಅವನ ‘ಏಳು ಸೋದರರು’ ಕಾದಂಬರಿಯನ್ನು ಅಂದಿನ ಪ್ರೊಫೆಸರೊಬ್ಬರು ಹಿಗ್ಗಾಮುಗ್ಗಾ ಜಾಡಿಸಿದರು. ಮತ್ತೆರಡು ವರ್ಷಕ್ಕೆ, 38ರ ವಯಸ್ಸಿನಲ್ಲಿ, ಪಕ್ಕದ ತೂಸುಲದ ಗುಡಿಸಲೊಂದರಲ್ಲಿ ಕಿವಿ ತೀರಿಕೊಂಡ.

ಕಾದಂಬರಿಯ ಏಳು ಜನ ಅಣ್ಣತಮ್ಮಂದಿರಿಗೆ ಊರೆಂದರೆ ಆಗದು. ಅಕ್ಷರ ಕಲಿಯದಿದ್ದರೆ ಮದುವೆಯಿಲ್ಲ ಎನ್ನುವ ಚರ್ಚು, ಜಗಳಕ್ಕೆ ನಿಲ್ಲುವ ನೆರೆಯೂರಿನ ಹುಡುಗರು, ಎಲ್ಲ ಸಾಕಾಗಿ ಮನೆಯನ್ನು ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟು ಇಂಪಿವಾರ ಎಂಬ ಕಾಡಿನ ಮೂಲೆಗೆ ಹೊರಟುಹೋಗುತ್ತಾರೆ. ಅಲ್ಲಿ ಮರ ಕಡಿದು ಮನೆ ಕಟ್ಟುತ್ತಾರೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕುಡಿದು ಕುಸ್ತಿಯಾಡಿ ಅದಕ್ಕೆ ಬೆಂಕಿ ಹತ್ತಿಸಿಕೊಂಡು, ಬರಿಗಾಲಲ್ಲಿ, ಉಟ್ಟ ಅಂಗಿಯಲ್ಲಿ, ಹಿಮದ ಮೇಲೆ, ಬೆನ್ನಟ್ಟುವ ತೋಳಗಳ ನಡುವೆ ಓಡಿ ಬಿಟ್ಟುಬಂದ ಮನೆಯನ್ನೇ ಸೇರುತ್ತಾರೆ. ಛಲ ಬಿಡದೆ ಮತ್ತೆ ಕಾಡಿಗೆ ಹೋಗುತ್ತಾರೆ. ಪಕ್ಕದ ಜಮೀನ್ದಾರನ ಹೋರಿಗಳ ಹಿಂಡು ಅಟ್ಟಿಸಿಕೊಂಡು ಬಂದಾಗ ದಿನಗಟ್ಟಲೆ ಬಂಡೆಯ ಮೇಲೆ ಕೂತು, ಕೊನೆಗೆ ಅವನ್ನೆಲ್ಲ ಗುಂಡಿಟ್ಟು ಕೊಲ್ಲುತ್ತಾರೆ. ಜಮೀನ್ದಾರ ದಂಡ ಕೇಳುತ್ತಾನೆ. ದಂಡ ತೀರಿಸಲು ಧಾನ್ಯ ಬೇಕು, ಧಾನ್ಯಕ್ಕೆ ಹೊಲ ಬೇಕು. ಕಾಡು ಕಡಿದು ಬಿತ್ತುತ್ತಾರೆ. ಯಾವ ದುಡಿಮೆ, ಯಾವ ಲೆಕ್ಕಾಚಾರ, ಯಾವ ನೆರೆಹೊರೆ ಬೇಡವೆಂದು ಓಡಿದ್ದರೋ ಅದೆಲ್ಲವನ್ನೂ ಕಾಡಿನಲ್ಲಿ ತಾವೇ ಒಂದೊಂದಾಗಿ ಕಟ್ಟಿಕೊಳ್ಳುತ್ತಾರೆ. ಕೊನೆಗೆ ಅಕ್ಷರವನ್ನೂ ಕಲಿತು ಊರಿಗೆ ಮರಳುತ್ತಾರೆ. ನುರ್ಮಿಯಾರ್ವಿ ವಿದ್ಯಮಾನದ ಬಗ್ಗೆ ವರದಿ ಬರೆದವರು ಬಹಳ ಜನ. ಇಷ್ಟು ವಿವರವಾಗಿ, ಇಷ್ಟು ಮುಂಚಿತವಾಗಿ ಬರೆದವನು ಈ ದರ್ಜಿಯ ಮಗ ಒಬ್ಬನೇ ಎಂದು ನನ್ನ ಅಂಬೋಣ.

ಇಂಪಿವಾರದಲ್ಲಿ ಹೋರಿಗಳು ಮಾಡಿದ ಕೆಲಸವನ್ನು ನಮ್ಮ ರಸ್ತೆಯಲ್ಲಿ ಜಲ್ಲಿ ಮಾಡುತ್ತದೆ. ಹಳ್ಳಿಯಂಚಿನ ಇಂಥ ರಸ್ತೆಗಳು ಪಂಚಾಯಿತಿಯವಲ್ಲ, ಸರ್ಕಾರದವೂ ಅಲ್ಲ. ಅಲ್ಲಿ ಮನೆ, ಹೊಲ, ಕಾಡು ಇರುವವರದು. ಅವರೆಲ್ಲ ಸೇರಿ ರಸ್ತೆಯ ಸಂಘವೊಂದನ್ನು ನಡೆಸಬೇಕು. ಯಾರು ಎಷ್ಟು ಬಳಸುತ್ತಾರೋ ಅಷ್ಟು ವಂತಿಗೆ. ವರ್ಷಕ್ಕೊಮ್ಮೆ ಮಹಾಸಭೆ. ಅಳಿಯನ ಜೊತೆ ನಾನೂ ಹೋಗಿ ಕೂತೆ. ಮಾತು ಫಿನ್ನಿಷಿನಲ್ಲಿ, ಅಳಿಯನ ಪಿಸುಮಾತು ಕನ್ನಡದಲ್ಲಿ. ಏಲಕ್ಕಿ ಹಾಕಿದ ಪುಲ್ಲ ಬನ್ನು, ತೆಳ್ಳಗಿನ ಕಾಫಿ ಬಂದವು. ಏಲಕ್ಕಿಯ ವಾಸನೆ ಮೂಗಿಗೆ ಬಿದ್ದಮೇಲೆ ಸಭೆ ಪರಕೀಯ ಅನ್ನಿಸಲಿಲ್ಲ. ವಿಷಯಸೂಚಿ ಕೇಳಿದ ಮೇಲಂತೂ ಊರಿಗೇ ಬಂದಂತಾಯಿತು.

ಹಿಮ ಎತ್ತುವ ಟ್ರ್ಯಾಕ್ಟರಿಗೆ ಹೋದ ವರ್ಷಕ್ಕಿಂತ ಹೆಚ್ಚು ಬಾಡಿಗೆ ಏಕೆ ಎಂದು ಒಬ್ಬರು ಕೇಳಿದರು. ಹಿಮ ಹೆಚ್ಚು ಬಿದ್ದಿದ್ದರಿಂದ ಎಂದು ಟ್ರ್ಯಾಕ್ಟರಿನ ರೈತ ಹೇಳಿದ. ಅದು ಒಪ್ಪಿಗೆಯಾಗಲು ಅರ್ಧ ಗಂಟೆ ಹಿಡಿಯಿತು. ಟ್ರ್ಯಾಕ್ಟರು ಹಿಮವನ್ನೆಲ್ಲ ತಳ್ಳಿ, ಈಗಷ್ಟೇ ಗುಡಿಸಿ ಮುಗಿಸಿದ ತಮ್ಮ ಗೇಟಿನ ಮುಂದೆಯೇ ರಾಶಿ ಹಾಕುತ್ತದೆ ಎಂಬುದು ಪ್ರತಿಯೊಬ್ಬರ ದೂರು. ಬೇಸಗೆಯ ಧೂಳಿಗೆ ಉಪ್ಪು ಹಾಕಬೇಕೋ ಬೇಡವೋ. ಎರಡು ಕಾರಿನವರು ಹೆಚ್ಚು ಕೊಡಬೇಕೋ ಬೇಡವೋ. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಸಾಮಾನು ತರಿಸುವವರ ಪಾರ್ಸೆಲ್ ವ್ಯಾನು ರಸ್ತೆ ಸವೆಸುವುದು ಯಾರ ಲೆಕ್ಕಕ್ಕೆ? ಜನರ ಸಹವಾಸ ಬೇಡವೆಂದು ಬಂದವರು ಮೂರು ತಾಸು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಯಾರೂ ದನಿ ಏರಿಸಲಿಲ್ಲ. ಕೋಪ ಬಂದವರು ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡರು. ಹೊರಡುವಾಗ ಒಬ್ಬರು ಮತ್ತೊಬ್ಬರಿಗೆ ಏಣಿ ಕೊಡುವುದಾಗಿ ಹೇಳಿದರು. ಇನ್ನೊಬ್ಬರ ಮಗಳನ್ನು ಬ್ಯಾಲೆ ತರಗತಿಗೆ ಯಾರ ಕಾರು ಕರೆದೊಯ್ಯಬೇಕೆಂದು ನಿಶ್ಚಯವಾಯಿತು. ಯೋಜಕರು ನಕ್ಷೆಯಲ್ಲಿ ಕೂರಿಸಲು ಹೆಣಗುವ ಹಳ್ಳಿತನ ಒಂದು ಲಾರಿ ಜಲ್ಲಿಯ ಖರ್ಚಿನಲ್ಲಿ ಅಲ್ಲಿ ಹುಟ್ಟಿಕೊಂಡಿತ್ತು. ಜನ ಬಯಸಿ ಊರು ಕಟ್ಟುವುದು ಅಪರೂಪ. ಒಬ್ಬನಿಂದ ಎತ್ತಲಾಗದ ಹಿಮ, ಒಬ್ಬನಿಂದ ಇಳಿಸಲಾಗದ ಟ್ರಾಂಪೊಲೀನು, ಇವು ಕಟ್ಟಿಸುತ್ತವೆ.

ನುರ್ಮಿಯಾರ್ವಿ ವಿದ್ಯಮಾನ ಮುಗಿಯಿತು ಎಂದು 2010ರ ದಶಕದಲ್ಲಿ ತಿಳಿದವರು ಹೇಳಿದ್ದರು. ಹೊಸ ತಲೆಮಾರಿಗೆ ಕಾಫಿ ಅಂಗಡಿ, ಟ್ರಾಮು ಬೇಕು, ಹುಲ್ಲು ಕತ್ತರಿಸುವ ಕೆಲಸ ಬೇಡ ಎಂದು ವಿವರಣೆಯನ್ನೂ ಕೊಟ್ಟರು. ಬೆಳವಣಿಗೆ ನಿಧಾನವಾಗಿದ್ದೂ ನಿಜ. ಅಷ್ಟರಲ್ಲಿ ಕೊರೋನಾ ಬಂತು. ಮನೆಯೇ ಕಚೇರಿಯಾಯಿತು, ಅಪಾರ್ಟ್‌ಮೆಂಟಿನ ಅಡುಗೆಮನೆ ಮೇಜಿನ ಮೇಲೆ ಗಂಡಹೆಂಡಿರ ಎರಡು ಮೀಟಿಂಗು ಒಟ್ಟಿಗೆ ನಡೆಯತೊಡಗಿದವು. ಜನಕ್ಕೆ ಮತ್ತೆ ಹಕ್ಕಿಗಳ ನೆನಪಾಯಿತು. ಅಲ್ಲಿಯ ಮನೆ ಸಾಲಗಳು ಬಹುಪಾಲು ಯೂರಿಬೋರ್ ಎಂಬ, ಬ್ಯಾಂಕುಗಳ ನಡುವಿನ ಬಡ್ಡಿ ದರಕ್ಕೆ ಅಂಟಿಕೊಂಡಿರುತ್ತವೆ. ಆ ದರ ವರ್ಷಗಟ್ಟಲೆ ಸೊನ್ನೆಗಿಂತ ಕೆಳಗಿತ್ತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಸವೆಸಿದ ನನಗೆ ಇದನ್ನು ಕೇಳಿಯೇ ತಲೆ ತಿರುಗಿತ್ತು. 2022ರಲ್ಲಿ ಅದು ಏಳತೊಡಗಿ ಮರುವರ್ಷ ಶೇಕಡಾ 4 ದಾಟಿದಾಗ ಹಕ್ಕಿಗಳ ನೆನಪು ಮತ್ತೆ ಮಾಸಿತು. ಕ್ಲೌಕ್ಕಲ ಮಾತ್ರ ಈ ಏರಿಳಿತದ ನಡುವೆಯೇ ದಪ್ಪವಾಗುತ್ತ ಹೋಗಿದೆ. ಊರ ನಡುವಿನ ಕಾರುಗಳ ಸಾಲು ತಪ್ಪಿಸಲು ಬಳಸುದಾರಿಯೊಂದನ್ನು ಕಟ್ಟಿದ್ದಾರೆ. ಪೇಟೆಯ ಬಳಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಪಾರ್ಟ್‌ಮೆಂಟು ಬೇಡವೆಂದು ಬಂದು, ಮಕ್ಕಳನ್ನು ಬೆಳೆಸಿ, ಮೊಣಕಾಲು ನೋವು ಬಂದಮೇಲೆ ಹಿಮ ಎತ್ತಲಾಗದೆ ಅಂಗಳ ಮಾರಿದವರೇ ಅಲ್ಲಿಯ ಹಲವು ಗಿರಾಕಿಗಳು.

ಎದುರು ಮನೆಯ ಯಜಮಾನ, ಟ್ಯಾಕ್ಸಿಯಲ್ಲಿ ಒಂದನೇ ತರಗತಿಗೆ ಹೋಗುವವನ ಅಪ್ಪ, ಈಚೆಗೆ ಒಂದು ಸಂಜೆ ಅಂಚೆಪೆಟ್ಟಿಗೆಗಳ ಸಾಲಿನ ಹತ್ತಿರ ಸಿಕ್ಕಿದ. ಅಲ್ಲಿ ಎಲ್ಲ ಮನೆಗಳ ಪೆಟ್ಟಿಗೆಗಳೂ ಒಂದೇ ಕಡೆ ಇರುವುದರಿಂದ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದು ಕಷ್ಟ. ಇಲ್ಲಿ ಈಗ ಜನ ಜಾಸ್ತಿಯಾದರು ಎಂದ. ಇದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಲೊಪ್ಪಿ ಎಂಬ ಪಂಚಾಯಿತಿ ಬರುತ್ತದೆ, ಅಲ್ಲೊಂದು ಜಾಗ ನೋಡಿಬಂದಿದ್ದೇನೆ ಎಂದ.

“ಅಲ್ಲೇನಿದೆ?” ಎಂದು ಕೇಳಿದೆ.

“ಏನೂ ಇಲ್ಲ” ಎಂದ. ಅವನು ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಏನೂ ಇಲ್ಲದ ಜಾಗ ನಿಮಗೆ ಗೊತ್ತಾದದ್ದು ಹೇಗೆ?”

“ಸೇಬಿನ ಮರದ ಮನೆಯವರು ಹೇಳಿದರು. ಅವರು ಹೋದ ವರ್ಷವೇ ಅಲ್ಲಿ ಕೊಂಡಿದ್ದಾರೆ. ಅವರ ಪಕ್ಕದ್ದು ನಮ್ಮ ರಸ್ತೆ ಸಂಘದ ಹಳೆಯ ಕಾರ್ಯದರ್ಶಿಯದು. ಅವರೀಗ ಅಲ್ಲೂ ಒಂದು ಸಂಘ ಮಾಡೋಣ, ನೀವು ಬಂದರೆ ಕೋರಂ ಆಗುತ್ತದೆ ಎನ್ನುತ್ತಿದ್ದಾರೆ.”